ಕಮಲಿಯ ಬೆನ್ನ ಹಿಂದಿನ ಹಕ್ಕಿ

ಕುಮಟಾ, ಜನವರಿ ೨೦೦೩

ತಮ್ಮ ನಾಗೇಶ,

ನೀನು ತೀರಿಕೊಂಡು ಎರಡು ವರ್ಷ ಆತು. ಈ ಕಾಗದ ಅಂಚೆಗೆ ಹಾಕುವುದಲ್ಲ, ಆದರೂ ಬರೆಯದೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇವತ್ತು ನಿನ್ನ ಗೆಳೆಯರು ನನ್ನನ್ನೂ ಹಕ್ಕಿ ನೋಡಲು ಅಘನಾಶಿನಿ ಹೊಳೆಗೆ ಕರೆದೊಯ್ದರು. ನೀರಿಳಿತದ ಹೊತ್ತು, ನಮ್ಮ ಕೇರಿಯ ಕಮಲಿ ಕೆಸರಲ್ಲಿ ಬಗ್ಗಿ ಸಾರಿಗೆ ಬಳಚಿನ ಚಿಪ್ಪು ಹೆಕ್ಕುತ್ತಿದ್ದಳು. "ಹಕ್ಕಿ ನೋಡಿದ್ರೆ ಸಾರು ಆಗ್ತದಾ ಅಕ್ಕಾ?" ಎಂದು ನಗಾಡಿದಳು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಅದು ಬಂದಿಳಿಯಿತು. ಕೋಳಿಯಷ್ಟು ಮೈ, ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕು. ನಿನ್ನ ಹಕ್ಕಿ ಪಟ್ಟಿಯ ಪುಸ್ತಕದಲ್ಲಿ ನೀನು ಬರೆದಿದ್ದ ಹಾಗೆಯೇ.

"ಕಮಲಿ, ಹಿಂದೆ ನೋಡೇ!"

"ಎಂತದೂ ಇರೂದಿಲ್ಲ ಬಿಡು, ದಿನಾ ಇಲ್ಲೇ ಇರೂದು ನಾನಲ್ದಾ?" ಎಂದವಳು ತಲೆ ಎತ್ತಲೇ ಇಲ್ಲ.

ನೀನು ಈ ಹಕ್ಕಿಯನ್ನು ಇಲ್ಲಿ ಕಂಡೆ ಅಂದ ದಿನ ನಾನೂ ಅದನ್ನೇ ಅಂದಿದ್ದೆ. ಇಪ್ಪತ್ತು ವರ್ಷ ಬಳಚು ಹೆಕ್ಕಿದ ನನಗೆ ಕಾಣದ ಹಕ್ಕಿ ನಿನಗೆಲ್ಲಿ ಕಂಡಿತು ಎಂದು, ಈ ಗೆಳೆಯರ ಎದುರೇ, ನಿನ್ನ ಪಟ್ಟಿಯ ಆ ಸಾಲನ್ನು ಗೀಟು ಎಳೆದು ಹೊಡೆದು ಹಾಕಿದ್ದೆ. ಆಮೇಲೆ ನೀನು ನನಗೆ ಒಂದು ಹಕ್ಕಿಯ ಸುದ್ದಿಯನ್ನೂ ಹೇಳಲಿಲ್ಲ.

ಮನೆಗೆ ಬಂದಾಗಿನಿಂದ ನಿನ್ನ ಪಟ್ಟಿ ತೆಗೆಯುವುದು, ಮುಚ್ಚುವುದು, ಇದೇ ಆಗಿದೆ. ಕೊನೆಗೆ ಆ ಗೀಟಿನ ಕೆಳಗೆ ಅದೇ ಸಾಲನ್ನು ನಿನ್ನ ಹಳೆ ತಾರೀಕು ಹಾಕಿ ಮತ್ತೆ ಬರೆದೆ. ನೋಡಿದವರು: ನಾಗೇಶ. ಪಕ್ಕದಲ್ಲಿ ನನ್ನ ಹೆಸರು ಬರೆಯಲು ಕೈ ಬರಲಿಲ್ಲ.

ನಿನ್ನ ಅಕ್ಕ