ಬುರುಜಿನ ಮೇಲಿಂದ ಕೂಗಿದ್ದು

ಹೋಟೆಲಿನ ಮೆಟ್ಟಿಲು,
ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ
ಬುಧವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಮ್ಮಾ,

ಮೊದಲು ಮೊಣಕಾಲಿನ ಸಮಾಚಾರ ಹೇಳು. ಊತ ಇಳಿಯಿತಾ? ಹೊಲಿಗೆ ಮಿಷನ್ ತುಳಿಯಬೇಡಿ ಅಂತ ಡಾಕ್ಟರು ಹೇಳಿದ್ದನ್ನು ಕೇಳುತ್ತಿದ್ದೀಯೋ ಇಲ್ಲಾ ಒಂದೇ ಕಾಲಲ್ಲಿ ತುಳಿಯುತ್ತಿದ್ದೀಯೋ? (ಒಂದೇ ಕಾಲಲ್ಲಿ. ನನಗೆ ಗೊತ್ತು.) ಫೋನಿನಲ್ಲಿ ಕೇಳಿದರೆ "ಹೂಂ, ಇದ್ದೀನಿ, ನಿನ್ನ ಗಂಡ ಊಟ ಮಾಡಿದ್ನಾ" ಅಂತ ಮಾತು ತಿರುಗಿಸಿಬಿಡುತ್ತೀಯ. ಹೋದ ವಾರ ಮಾತ್ರ ಫೋನ್ ಇಡುವ ಮುಂಚೆ "ಯಾವಾಗ ಬರ್ತೀಯೇ" ಅಂದೆ. ನೀನು ಹಾಗೆಲ್ಲ ಕೇಳುವವಳೇ ಅಲ್ಲ. "ಈ ಸಲ ಸಿಟಿ ಕೆಲಸ ಮುಗಿದ ಕೂಡಲೇ" ಅಂದೆ ನಾನು. ಹೋದ ಸಲವೂ ಹಾಗೇ ಅಂದಿದ್ದೆ, ಅದರ ಹಿಂದಿನ ಸಲವೂ. ಆಮೇಲೆ ನಿದ್ದೆ ಸರಿಯಾಗಿ ಬಂದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನನ್ನ ಮಾತು ಕತ್ತರಿಸುವ ಹಾಗಿಲ್ಲ. ಇಂಗ್ಲಿಷ್ ಮೀಡಿಯಂ ಮಗಳ ಒತ್ತಕ್ಷರ ನೋಡಿ ನಗಬೇಡ, ಆ ಸ್ಕೂಲಿಗೆ ಸೇರಿಸಿದವಳು ನೀನೇ!

ನಾವು ಮತ್ತೆ ಅದೇ ಹೋಟೆಲಿನಲ್ಲಿದ್ದೇವೆ. ಅದೇ ಕಿರ್ರೆನ್ನುವ ಮಂಚ, ಲಿಫ್ಟಿನಲ್ಲಿ ಅದೇ ಬಿರುಕು ಬಿಟ್ಟ ಕನ್ನಡಿ. ಬೇರೆಯವರ ಗಂಡಂದಿರು ಹೊಸ ಹೆಂಡತಿಯರಿಗೆ ಸಮುದ್ರ ತೋರಿಸುತ್ತಾರೆ, ನನ್ನವರು ಕಂದಕ ತೋರಿಸುತ್ತಾರೆ. ಆದರೂ ನನಗೆ ಎಷ್ಟು ಖುಷಿ ಗೊತ್ತಾ ಅಮ್ಮಾ! ಬೆಳಿಗ್ಗೆ ಪ್ರಕಾಶಕರ ಆಫೀಸು, ಮಧ್ಯಾಹ್ನದ ಮೇಲೆ ಕೋಟೆ. ಎಂಟುನೂರು ವರ್ಷದ ಹೆಬ್ಬಾಗಿಲು, ಅದರ ಕೆಳಗೇ ಟ್ರಾಫಿಕ್ ಸಿಗ್ನಲ್ಲು. ಬಾಣ ಬಿಡುವ ಕಿಂಡಿಯಲ್ಲಿ ಪಾರಿವಾಳದ ಸಂಸಾರ. ನೀನು ನನ್ನವರಿಗೆ "ಕೋಟೆಯಪ್ಪ" ಅಂತ ಹೆಸರಿಟ್ಟಿದ್ದನ್ನು ಬಾಯಿ ತಪ್ಪಿ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆ ಅಂದುಕೊಂಡರೆ ಯಾರೋ ರಾಜ ಬಿರುದು ಕೊಟ್ಟ ಹಾಗೆ ಕನ್ನಡಿ ಮುಂದೆ ನಿಂತು ಮೀಸೆ ತೀಡಿಕೊಂಡರು!

ಅವರು ಕೆಲಸ ಮಾಡುವ ರೀತಿ ನಿನಗೆ ಹೇಳಲೇಬೇಕು. ಮೈಯಿಂದ ಮಾಡಿ ನೋಡದ ಒಂದು ಸಾಲನ್ನೂ ಅವರು ಬರೆಯುವುದಿಲ್ಲ. ಮದುವೆಗೆ ಮುಂಚೆ ಒಬ್ಬರೇ ಒದ್ದಾಡುತ್ತಿದ್ದರು, ಈಗ ನಾನು ಸಿಕ್ಕಿದ್ದೇನಲ್ಲ. ಹೋದ ಸಲ ಹೋಟೆಲಿನ ಹಾಸಿಗೆ ಹೊದಿಕೆಯನ್ನು ನನ್ನ ಸೊಂಟಕ್ಕೆ ಸುತ್ತಿ, ಟಿಕೆಟ್ ಕೌಂಟರಿನವರ ಹತ್ತಿರ ಬಕೆಟ್ ಕಾಡಿ ಬೇಡಿ ತಂದು, ತುಂಬಿದ ಬಕೆಟ್ ಹೊತ್ತು ಸುರುಳಿ ಮೆಟ್ಟಿಲು ಹತ್ತು ಅಂದರು. ಅವರ ಕಥೆಯ ಹೆಣ್ಣು ಮುತ್ತಿಗೆಯ ದಿನ ಗೋಡೆ ಮೇಲಿದ್ದ ಕಾವಲಿನವರಿಗೆ ನೀರು ಹೊತ್ತವಳಂತೆ. ನಾನು ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಮೇಲೆ ತಲುಪಿದರೆ "ಭಲೇ! ಉಸಿರು ಎಲ್ಲಿ ಕಟ್ಟಿತು, ಎಡಗಡೆನಾ ಬಲಗಡೆನಾ?" ಅಂತ ಕೇಳುತ್ತಾರೆ ಮಹಾನುಭಾವರು. ಶಾಲಾ ಮಕ್ಕಳ ಗುಂಪೊಂದು ನನ್ನನ್ನು ಟಿಕೆಟ್ಟಿನಲ್ಲೇ ಸೇರಿದ ಆಟ ಅಂದುಕೊಂಡು ಚಪ್ಪಾಳೆ ತಟ್ಟಿತು.

ಈ ಹೆಣ್ಣಿನ ವಿಷಯ ನಿನಗೆ ಗೊತ್ತಿರಲಿ. ಅವಳು ಕೋಟೆ ಕಾಯುವ ದಂಡನಾಯಕನ ಹೆಂಡತಿ. ಮೂರು ಭಾಗದ ಕಾದಂಬರಿ ಅದು, ಎರಡು ಅಚ್ಚಾಗಿವೆ. ಅವಳು ಕೊನೆಗೆ ಕೋಟೆಗೋಡೆಯಿಂದ ಬಿದ್ದು ಸಾಯುತ್ತಾಳೆ ಅಂತ ಮೊದಲನೇ ಭಾಗದ ಮೊದಲನೇ ಪುಟದಲ್ಲೇ ಇದೆ. ಹೇಗೆ ಬೀಳುತ್ತಾಳೆ ಅನ್ನುವುದೊಂದು ಬಾಕಿ. ಆ ಒಂದು ಅಧ್ಯಾಯ ಇವರ ಕೈಯಿಂದ ಹೊರಡುತ್ತಿಲ್ಲ. ರೂಮಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಾರೆ, ಅವರನ್ನು ನೋಡಿ ನೋಡಿ ನನ್ನ ಕಾಲೂ ಕುಣಿಯಲು ಶುರುವಾಗುತ್ತದೆ. ಟೀ ತರಿಸಿ ಆರಿಸಿಬಿಡುತ್ತಾರೆ. "ಇನ್ನೊಂದು ಸಲ ಕೋಟೆ ನೋಡಿಬಿಟ್ಟರೆ ಬರೆದುಬಿಡ್ತೀನಿ" ಅಂತ ಮೂರು ಸಲ ಸಿಟಿಗೆ ಬಂದದ್ದಾಯಿತು. ಒಂದು ವಿಚಿತ್ರ ಗಮನಿಸಿದ್ದೆ. ಕೋಟೆಯ ಎಲ್ಲಾ ಕಡೆ ನನ್ನನ್ನು ಓಡಿಸುವವರು ಉತ್ತರದ ಬುರುಜಿನ ಮುರಿದ ಅಂಚಿಗೆ ಬಂದ ಕೂಡಲೇ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು "ಇಲ್ಲಿ ಬೇಡ, ಗಾಳಿ" ಅನ್ನುತ್ತಾರೆ. ಅಲ್ಲಿ ಎದೆ ಎತ್ತರದ ಕಬ್ಬಿಣದ ಕಟಾಂಜನ ಇದೆ, ಗಾಳಿಯೂ ಇಲ್ಲ. ನಾನೋ, ಆಹಾ ಎಂಥ ಪ್ರೀತಿ ಅಂತ ಉಬ್ಬಿಹೋಗಿದ್ದೆ.

ನಿನ್ನೆ ಬೆಳಿಗ್ಗೆ ಪ್ರಕಾಶಕರು ನಮ್ಮಿಬ್ಬರನ್ನೂ ಒಳಗೆ ಕರೆದರು. ಮೂಲೆಯಲ್ಲೆಲ್ಲ ಪುಸ್ತಕದ ಕಟ್ಟುಗಳು, ಅಂಟಿನ ವಾಸನೆ, ಫ್ಯಾನಿನ ಕೆಳಗೆ ಹಾಳೆ ಹಾರದ ಹಾಗೆ ಬಾಗಿಲ ಚಿಲಕವೊಂದನ್ನು ಭಾರಕ್ಕೆ ಇಟ್ಟಿದ್ದರು. ಪ್ರಕಾಶಕರು ಒಳ್ಳೆಯವರೇ, ಆದರೆ ಮಾತು ಕಡ್ಡಿ ಮುರಿದ ಹಾಗೆ: ಶುಕ್ರವಾರದೊಳಗೆ ಕೊನೇ ಅಧ್ಯಾಯ ಬಾರದಿದ್ದರೆ ಮೂರನೇ ಭಾಗವನ್ನು ಕೈಬಿಡುತ್ತೇವೆ, ಓದುಗರು ಎಷ್ಟೂಂತ ಕಾಯುತ್ತಾರೆ. ಆಮೇಲೆ ಕನ್ನಡಕವನ್ನು ತಲೆ ಮೇಲೇರಿಸಿಕೊಂಡಿದ್ದ ಅವರ ಎಡಿಟರಮ್ಮ ಶುರು ಮಾಡಿದರು. "ಮೊದಲ ಎರಡು ಭಾಗದಲ್ಲಿ ಈಕೆ ಬಾಯಿ ಬಿಟ್ಟರೆ ಕಲ್ಲು ಉದುರುತ್ತಿತ್ತು ಸ್ವಾಮಿ. ಈ ಭಾಗದಲ್ಲಿ ಏನಾಗಿದೆ ಇವಳಿಗೆ? ಎದುರಿಗೆ ಶತ್ರು ಸೈನ್ಯ ನಿಂತಿದೆ, ಇವಳು ಕಿಲಕಿಲ ನಗುತ್ತಾಳೆ. ಕತ್ತಲಲ್ಲಿ ಗೋಡೆಗೆ ಡಿಕ್ಕಿ ಹೊಡೆದು ಗೋಡೆಗೇ ಕ್ಷಮೆ ಕೇಳುತ್ತಾಳೆ! ಯಾರಾದರೂ ಗೋಡೆಗೆ ಕ್ಷಮೆ ಕೇಳುತ್ತಾರೇನ್ರೀ?" ನಮ್ಮವರ ಮುಖ ಕೆಂಪಾಯಿತು. ಅವರ ಪರವಾಗಿ ಏನಾದರೂ ಹೇಳಬೇಕು ಅಂತ ನಾನು ದಡಕ್ಕನೆ ಎದ್ದೆ, ಮೊಣಕಾಲು ಮೇಜಿಗೆ ಬಡಿಯಿತು, "ಅಯ್ಯೋ ಸಾರಿ" ಅಂದುಬಿಟ್ಟೆ. ಮೇಜಿಗೆ, ಅಮ್ಮಾ! ಎಡಿಟರಮ್ಮ ಕನ್ನಡಕ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ "ಓಹೋ, ಇವರೇನಾ" ಅಂದರು.

ಆಫೀಸಿನಿಂದ ಹೊರಟು ನಡೆದೆವು. ನನಗೆ ಮೊದಲು ನಗು, ಆಮೇಲೆ ಹೆಮ್ಮೆ (ಎಂಟುನೂರು ವರ್ಷದ ಹಿಂದೆ ನಾನಿದ್ದೆ!), ಸಿಗ್ನಲ್ ದಾಟುವ ಹೊತ್ತಿಗೆ ಎಲ್ಲಾ ಅರ್ಥವಾಯಿತು. ಮಾಡಿ ನೋಡದೆ ಬರೆಯಲಾರರು, ಮಾಡಿ ನೋಡುವವಳು ನಾನು, ಬಾಕಿ ಇರುವುದು ಬೀಳುವುದು. ಗಾಳಿಯಿಲ್ಲದ ಕಡೆ ಮೊಣಕೈ ಹಿಡಿದದ್ದು, ಆ ಅಧ್ಯಾಯ ಹೊರಡದೆ ಇದ್ದದ್ದು ಅದಕ್ಕೆ! ನಡುರಸ್ತೆಯಲ್ಲೇ ನಿಂತು "ನನ್ನನ್ನು ಇವತ್ತೇ ಸಾಯಿಸಿಬಿಡಿ, ಆಮೇಲೆ ಊಟಕ್ಕೆ ಹೋಗೋಣ" ಅಂದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಚೀಲ ಎದೆಗವಚಿಕೊಂಡು ದೂರ ಸರಿದಳು. ಇವರು "ತಮಾಷೆ ಮಾಡಬೇಡ್ವೇ" ಅಂತ ಮತ್ತೆ ನನ್ನ ಮೊಣಕೈ ಹಿಡಿದರು. ತಮಾಷೆ ಅಲ್ಲ, ನನ್ನ ಕಾರಣದಿಂದ ನಿಮ್ಮ ಪುಸ್ತಕ ನಿಂತುಹೋದರೆ ನಾನು ನಿಮ್ಮ ಮುಖ ಹೇಗೆ ನೋಡಲಿ ಅಂದೆ, ಅವರ ಕೈ ಹಿಡಿದು ಕೋಟೆಗೆ ಎಳೆದುಕೊಂಡು ಹೋದೆ.

ಉತ್ತರದ ಬುರುಜಿನಲ್ಲಿ ಯಾರೂ ಇರಲಿಲ್ಲ. ಕಟಾಂಜನಕ್ಕೆ ಎದೆ ಒತ್ತಿ ಬಗ್ಗಿ ನೋಡಿದೆ. ಕೆಳಗೆ ಕಂದಕದಲ್ಲಿ ಪಾರ್ಕಿಂಗು, ಕಾರುಗಳು ಬೆಂಕಿಪೊಟ್ಟಣದಷ್ಟು. ಇವರು ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಿಂದ ಎಷ್ಟು ಬಿಗಿಯಾಗಿ ತಬ್ಬಿದ್ದರೆಂದರೆ ಪಕ್ಕೆ ಇನ್ನೂ ನೋಯುತ್ತಿದೆ. "ಕಾಲ ಕೆಳಗಿನ ಕಲ್ಲು ಜಾರಿತು ಅಂದುಕೋ" ಅಂದರು. ಅಂದುಕೊಂಡೆ. "ಈಗ ಕೂಗು." ಮೂರೂ ಭಾಗ ಆ ಒಂದು ಕೂಗಿಗಾಗಿಯೇ ಕಟ್ಟಿದ್ದಂತೆ, ಅವಳು ದಂಡನಾಯಕನ ಹೆಸರು ಕೂಗುತ್ತಾ ಬೀಳಬೇಕು. ಅದು ನನಗೆ ಗೊತ್ತಿತ್ತು, ಕೂಗಲು ಬಾಯಿಯೂ ತೆರೆದೆ. ಬಂದದ್ದು "ಅಮ್ಮಾ!" ಪಾರಿವಾಳಗಳೆಲ್ಲ ಹಾರಿಹೋದವು. ಇವರು ಪಾಪ, ನನ್ನನ್ನು ಹಿಂದಕ್ಕೆಳೆದು ಮುಖ ಚಿಕ್ಕದು ಮಾಡಿಕೊಂಡು ನಿಂತರು. "ಗಂಡನ ಹೆಸರು ಬರಲಿಲ್ವಾ" ಅಂದರು. ನಾನು ಅವರನ್ನು ಎಷ್ಟು ಪ್ರೀತಿಸುತ್ತೇನೆ ಅಂತ ನಿನಗೇ ಗೊತ್ತು, ಅಮ್ಮಾ, ಆದರೆ ಬರಲಿಲ್ಲ, ಏನು ಮಾಡಲಿ! ಸ್ವಲ್ಪ ಹೊತ್ತಿಗೆ ಅವರು ಹಣೆ ಹಣೆ ಬಡಿದುಕೊಂಡರು. "ಅಯ್ಯೋ, ಮೂರು ಭಾಗ ಬರೆದೆನಲ್ಲೇ, ಅವಳಿಗೊಬ್ಬ ತಾಯಿಯನ್ನೇ ಬರೆದಿಲ್ಲ!" ಕೋಟೆಗೆ ಕಲ್ಲು ಎಲ್ಲಿಂದ ಬಂತು, ಕುದುರೆಗೆ ಲಾಳ ಯಾರು ಹೊಡೆದರು, ಎಲ್ಲಾ ಇದೆ. ಅವಳ ಅಮ್ಮ ಮಾತ್ರ ಇಲ್ಲ.

ಆಗಿನಿಂದ ಬರೆಯುತ್ತಿದ್ದಾರೆ. ರೂಮಿನಲ್ಲಿರುವುದು ಒಂದೇ ಮೇಜು, ನಾನು ಉಸಿರಾಡಿದರೂ ತಲೆ ಎತ್ತುತ್ತಾರೆ, ಅದಕ್ಕೇ ಮೆಟ್ಟಿಲಿಗೆ ಬಂದು ಕೂತಿದ್ದೇನೆ. ಹತ್ತುವವರು ಇಳಿಯುವವರು ನನ್ನನ್ನು ದಾಟಿ ಹೋಗುತ್ತಿದ್ದಾರೆ, ಒಬ್ಬೊಬ್ಬರಿಗೂ ಸಾರಿ ಹೇಳುತ್ತಿದ್ದೇನೆ, ಕಂಬಿಗೂ ಒಂದು ಸಲ ಹೇಳಿದೆ.

ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಪಕ್ಕದ ಮನೆ ಅಜ್ಜಿಗೆ ನಾನು ಕೇಳಿದೆ ಅಂತ ಹೇಳು. ಕೋಟೆಯಪ್ಪನವರ ನಮಸ್ಕಾರ, ನನ್ನದು ಸಾವಿರ ಮುತ್ತು.

ನಿನ್ನ,
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇವರು ಬರಿಗಾಲಲ್ಲಿ ಓಡಿ ಬಂದರು. "ಒಂದು ಸಾಲು ಸಿಗ್ತಾ ಇಲ್ಲ. ಅವಳು ಹಾಗೆ ಕೂಗಿದರೆ ಅವಳಮ್ಮ ಏನಂತಾಳೆ?" ಯೋಚನೆಯೇ ಮಾಡದೆ "ಬಂದೆ, ಇರು" ಅಂದೆ. ಚಿಕ್ಕವಳಿದ್ದಾಗ ನಾನು ಕೂಗಿದರೆ, ಮಿಷನ್ ಸದ್ದಿನ ನಡುವೆಯೂ ಒಂದು ಸಲವೂ ತಪ್ಪದೆ ನೀನು ಹಾಗೇ ಅನ್ನುತ್ತಿದ್ದೆ. ಅವರು ನಿಂತಲ್ಲೇ ಬರೆದುಕೊಂಡು ಓಡಿದರು. ಅಮ್ಮಾ, ನಿನ್ನೆ ಕೂಗಿ ಆದ ಮೇಲೆ ನಾನು ಕಟಾಂಜನ ಬಿಡದೆ ನಿಂತಿದ್ದೆ. ಹೆದರಿದೆ ಅಂದುಕೊಂಡರು ಇವರು. ಹೆದರಿಕೆ ಅಲ್ಲ, ನಿನ್ನ ಉತ್ತರಕ್ಕೆ ಕಾಯುತ್ತಿದ್ದೆ. ಹೋದ ವಾರ ಫೋನಿನಲ್ಲಿ ಕೂಗಿದವಳು ನೀನು, ನಾನು ಸಿಟಿ ಕೆಲಸ ಅಂದೆ. ಅಧ್ಯಾಯವನ್ನು ಶುಕ್ರವಾರ ಅವರೇ ಕೊಟ್ಟು ಬರಲಿ. ನಾನು ನಾಳೆ ಬೆಳಗಿನ ಬಸ್ಸು ಹಿಡಿಯುತ್ತೇನೆ, ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟಬಹುದು, ಆಗಲೂ ಓದು. ಬಾಗಿಲು ತೆಗೆಯಲು ಏಳಬೇಡ, ಚಿಲಕ ಹಾಕದೆ ಬಿಟ್ಟಿರು.

ಬಂದೆ, ಇರು.