ಕೋಣಮ್ಮಿ ಕೊಟ್ಟ ಮೂವತ್ತು ಜೀವ

ಸಿಟ್ಟು ತರಿಸುವುದರಲ್ಲಿ ಎಂದೂ ಸೋಲದ ನನ್ನ ಅಣ್ಣ ಮರಿಲಿಂಗನಿಗೆ,

ಕಿಡ್ನಿ ಅಂದ ಕೂಡಲೇ ಫೋನು ಕಟ್ ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಬೇಕಾದರೆ ಹರಿದು ಹಾಕು, ಪೂರ್ತಿ ಓದಿ ಹರಿ.

ಯಾದಗಿರಿಯ ಡಯಾಲಿಸಿಸ್ ವಾರ್ಡಿನಿಂದ ನರ್ಸ್ ಅರ್ಜುಮಂದ ಫೋನ್ ಮಾಡಿದ್ದರು. "ನಿಮ್ಮಣ್ಣ ಈ ಸಲನೂ ಬಂದಿಲ್ರಿ. ಹಿಂಗಾದ್ರ ಬಾಳ ದಿನ ತಡಿಯಂಗಿಲ್ರಿ" ಎಂದರು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಜೋರಾಗಿ ಅತ್ತೆ. ಜನ ನೋಡುತ್ತಿದ್ದರು, ನೋಡಲಿ.

ಅವ್ವನಿಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ಆಗದು ಎಂದರು. ನನ್ನದು ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ ನೀನು "ನಿನಗ ಸಣ್ಣ ಮಕ್ಕಳದಾವ. ನಿನ್ನ ಜೀವ ನಾ ತಗೊಳ್ಳಂಗಿಲ್ಲ" ಎಂದು ಎದ್ದು ಹೋದೆ. ಆಹಾ, ಏನು ದೊಡ್ಡ ಮನುಷ್ಯ! ಟಿವಿ ಗೇಮಿನಲ್ಲಿ ನನ್ನ ಜೀವ ಕದಿಯುತ್ತಿದ್ದವನು ಯಾರು?

ಅಪ್ಪ ಮೀನು ಮಾರಿ ಸುರಪುರದಿಂದ ತಂದ ಗೇಮು ಅದು. ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಹಾಕಿದರೆ ಕಾಂಟ್ರಾ, ಇಬ್ಬರು ಸೇರಿ ಗುಂಡು ಹಾರಿಸುವ ಆಟ. ಆಟಕ್ಕೆ ಮೊದಲು ಟಿವಿಯಲ್ಲಿ ಬರುತ್ತಿದ್ದ 'ಕೊನಾಮಿ' ಎಂಬ ಇಂಗ್ಲಿಷ್ ಅಕ್ಷರಗಳನ್ನು ನೀನು 'ಕೋಣಮ್ಮಿ' ಎಂದು ಓದಿದೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇಷ್ಟು ಒತ್ತಿದರೆ ಮೂರಿದ್ದ ಜೀವ ಮೂವತ್ತು. "ಅವ್ವಾ, ಕೋಣಮ್ಮಿ ಮೂವತ್ತು ಜೀವ ಕೊಟ್ಲು!" ಎಂದು ನೀನು ಕೂಗಿದಾಗ ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಟಿವಿಗೆ ಕೈ ಮುಗಿದಳು. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಅದು ದೇವಿಯಲ್ಲ ಎಂದು ಯಾರೂ ಹೇಳಲಿಲ್ಲ. ಈಗ ಅವ್ವ ಕೋಣಮ್ಮಿ ಹೆಸರಿನಲ್ಲಿ ದೇವರ ಜಗಲಿಯ ಮೇಲೆ ಹರಕೆಯ ಕಾಯಿ ಕಟ್ಟಿದ್ದಾಳೆ. "ಆಕಿ ಗುಡಿ ಎಲ್ಲೈತಿ ಕೇಳಿ ಹೇಳವ್ವ, ನಡ್ಕೊಂತ ಹೋಗ್ತೀನಿ" ಎನ್ನುತ್ತಾಳೆ. ಏನು ಹೇಳಲಿ?

ಮೊಬೈಲಿನಲ್ಲಿ ಹುಡುಕಿದೆ. ಕೊನಾಮಿ ಅಂದರೆ ಜಪಾನಿನ ಒಸಾಕಾದಲ್ಲಿ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುತ್ತಿದ್ದ ಕಂಪನಿಯಂತೆ. ಆಮೇಲೆ ಗೇಮು ಮಾಡತೊಡಗಿ, ಈಗ ವ್ಯಾಯಾಮ ಶಾಲೆಗಳನ್ನೂ ನಡೆಸುತ್ತದಂತೆ. ಆ ಗುಟ್ಟಿನ ಬಟನ್ನು ಮೊದಲು ಇಟ್ಟವನು ಅಲ್ಲಿನ ಒಬ್ಬ ನೌಕರ. ಬೇರೊಂದು ಆಟ ತಯಾರಿಸುವಾಗ ತನಗೇ ಆಡಲಾಗದಷ್ಟು ಕಷ್ಟವೆನಿಸಿ, ಪರೀಕ್ಷೆಗೆಂದು ಇಟ್ಟುಕೊಂಡನಂತೆ. ತೆಗೆಯಲು ಮರೆತನಂತೆ. ಆ ಮರೆವು ಬೆಳೆದು ನಮ್ಮ ಕಾಂಟ್ರಾಕ್ಕೂ ಬಂತು. ಅವನು ಕೆಲವು ವರ್ಷಗಳ ಹಿಂದೆ ತೀರಿಹೋದ. ಅವನಿಗೂ ಇದ್ದದ್ದು ಒಂದೇ ಜೀವ.

ಹುಚ್ಚನಂತೆ ಮುನ್ನುಗ್ಗಿ ನೀನು ಮೂವತ್ತನ್ನೂ ಬೇಗ ಮುಗಿಸುತ್ತಿದ್ದೆ. ಮುಗಿದವನು ಬಟನ್ ಒತ್ತಿದರೆ ಜೊತೆಗಾರನ ಜೀವ ಅವನಿಗೆ ಬರುತ್ತದಲ್ಲ, ಕೇಳದೆಯೇ ಒತ್ತುತ್ತಿದ್ದೆ. ನಾನು ಚೀರಿದರೆ "ಇಬ್ರೂ ಇದ್ರನ ಆಟ ಸುಮಿ, ಒಬ್ಬಾಕಿ ಏನ್ ಆಡ್ತಿ?" ಎನ್ನುತ್ತಿದ್ದೆ. ನಾನು ಮತ್ತೆ ಎರಡನೇ ರಿಮೋಟು ಕೈಗೆತ್ತಿಕೊಳ್ಳುತ್ತಿದ್ದೆ.

ಅಣ್ಣಾ, ನನಗೆ ಹೆದರಿಕೆಯಾಗುತ್ತಿದೆ. ಮೊನ್ನೆ ಊದಿದ ನಿನ್ನ ಮುಖ ನೋಡಿ ಒಂದು ಕ್ಷಣ ಗುರುತೇ ಸಿಗಲಿಲ್ಲ. ನಿನ್ನನ್ನು ಮಣ್ಣು ಮಾಡಿ ಬಂದು, ಅವ್ವ ಕಟ್ಟಿದ ಆ ಕಾಯಿಯನ್ನು ನಾನು ಬಿಚ್ಚಬೇಕೇ? ನನ್ನಿಂದಾಗದು. ನನ್ನ ಹತ್ತಿರ ಎರಡಿವೆ. ಸೋಮವಾರ ಯಾದಗಿರಿಗೆ ಬಾ, ಡಾಕ್ಟರ ಮುಂದೆ ಹ್ಞೂಂ ಅನ್ನು. ನನ್ನ ಮಕ್ಕಳ ನೆಪ ಹೇಳಬೇಡ, ನನ್ನನ್ನು ಏನೂ ಕೇಳಬೇಡ. ಆಗ ಕೇಳಿದ್ದೆಯಾ? ಒತ್ತು.

ಅವ್ವನ ಕೋಣಮ್ಮಿ ನಿನ್ನನ್ನು ಕಾಯಲಿ.

ಎರಡನೇ ರಿಮೋಟು ಹಿಡಿದು ಇನ್ನೂ ಕೂತಿರುವ
ನಿನ್ನ ತಂಗಿ ಸುಮಲತಾ