ನೆರಳುಪಾಲಿನ ಊರಿಂದ

ಗಡುಕೆರೆ ಏರಿ,
ಫೆಬ್ರವರಿ ಮೂವತ್ತು, 2263

ನೀರಗಂಟಿ ಗಂಗುಲಪ್ಪಜ್ಜನಿಗೆ, ನಿನ್ನ ಎಂಟನೇ ತಲೆಮಾರಿನ ಮೊಮ್ಮಗಳು ಪಿಳ್ಳಕ್ಕ ಮಾಡುವ ಶರಣು.

ತಾರೀಖು ನೋಡಿ ಬೆಚ್ಚಬೇಡ. ಬೇಸಿಗೆ ಒಂದೆರಡು ದಿನ ತಡವಾಗಿ ಬರಲಿ ಎಂದು ನಮ್ಮ ಸರ್ಕಾರ ಫೆಬ್ರವರಿಯನ್ನೇ ಹಿಗ್ಗಿಸಿದೆ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸು. ಅವುಗಳನ್ನು ನಾವು ಹುಟ್ಟಿಸಲಿಲ್ಲ, ಬಾಯಾರಿಕೆ ಹುಟ್ಟಿಸಿತು.

ನಿನ್ನಂತೆ ನಾನೂ ಕೆರೆಯ ತೂಬು ಎತ್ತುವವಳು. ದಿನಾ ಬೆಳಿಗ್ಗೆ ಏರಿಯ ಮೇಲೆ ನಿಂತು ನಾನೂರ ಹನ್ನೆರಡು ಹೆಸರು ಕೂಗುತ್ತೇನೆ. ಒಂದೊಂದು ಹೆಸರಿಗೂ ಅಳೆದಷ್ಟು ನೀರು ಕಾಲುವೆಗೆ ಇಳಿಯುತ್ತದೆ. ಅವರಲ್ಲಿ ಒಬ್ಬರೂ ಬದುಕಿಲ್ಲ. ಅವರ ವಂಶದವರು ಊರು ಬಿಟ್ಟು ನೂರು ವರ್ಷವಾಯಿತು. ಆದರೆ 2031ರ ತಾಲ್ಲೂಕು ನೀರಿನ ಯೋಜನೆಯಲ್ಲಿ ಅವರ ಹಕ್ಕು ಬರೆದಿದೆ, ಬರೆದ ಹಕ್ಕಿಗೆ ಸಾವಿಲ್ಲ. ಇದನ್ನು ನೆರಳುಪಾಲು ಎನ್ನುತ್ತೇವೆ. ಆ ನೀರು ಆಳಿಲ್ಲದ ಗದ್ದೆಗಳಲ್ಲಿ ನಿಂತು ಬಿಸಿಲಿಗೆ ಆರುತ್ತದೆ. ಆ ಯೋಜನೆಯಲ್ಲಿ ಹೆಸರಿಲ್ಲದ ನಮ್ಮ ಕಾಲೋನಿಯ ಅರವತ್ತು ಮನೆಗಳು ರಾತ್ರಿ ಇಬ್ಬನಿ ಹೀರುವ ಇಬ್ಬನಿಬಟ್ಟೆ ಹಾಸುತ್ತವೆ. ಮುಂಜಾನೆ ಹಿಂಡಿದರೆ ತಲೆಗೊಂದು ಲೋಟ. ಕೆರೆಗೆ ಕೈ ಇಟ್ಟರೆ ತೂಬಿನ ಮೇಲಿನ ಯಂತ್ರದ ಕಣ್ಣಿಗೆ ಕಂಡುಬಿಡುತ್ತದೆ. ಹೋದ ವರ್ಷ ನನ್ನ ತಮ್ಮನನ್ನು ಹಿಡಿದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ.

ಮೊನ್ನೆ ಮುಂದಿನ ನೂರು ವರ್ಷಕ್ಕೆ ಯೋಜನೆಯನ್ನು ಹೊಸದಾಗಿ ಬರೆಯಲು ನೀರಧಿಕಾರಿ ಬಂದ. ಸತ್ತವರ ಪಾಲನ್ನು ನಮಗೆ ಬರೆಯಿರಿ ಎಂದೆವು.

“ಸತ್ತವ್ರೆ ಅನ್ನಕ್ಕೆ ಗುರುತೇನಮ್ಮ? ಕೂಗು ನೋಡನ. ಓ ಅನ್ನದಿದ್ರೆ ಪಾಲು ನಿಮ್ದೇ,” ಎಂದ.

“ಬದುಕಿದ್ದಾಗ್ಲೇ ನಾವು ಕೂಗಿದ್ರೆ ಓ ಅಂದೋರಲ್ಲ ಸ್ವಾಮಿ, ಈಗಂತಾರಾ?” ಎಂದಳು ನನ್ನ ಸೋದರತ್ತೆ ಚೌಡಮ್ಮ. ಕಾಲೋನಿಯೆಲ್ಲ ನಕ್ಕಿತು.

ಕೂಗಿದೆ. ನಡುಮಧ್ಯಾಹ್ನದ ಬಿಸಿಲು, ಎಲೆ ಅಲುಗುತ್ತಿಲ್ಲ. ಬರಿಗದ್ದೆಯ ನೀರಿನೊಳಗಿಂದ “ಓ” ಎಂದಿತು. ಎರಡನೆಯ ಹೆಸರಿಗೂ ಎಂದಿತು. ಮುದುಕರ ದನಿ, ಹೆಂಗಸರ ದನಿ, ಕೆಮ್ಮಿ ಗಂಟಲು ಸರಿಮಾಡಿಕೊಂಡ ದನಿ. ನಾನೂರ ಹನ್ನೆರಡೂ ಓಗೊಟ್ಟವು. ಅಧಿಕಾರಿ ಬೆವರೊರೆಸಿಕೊಂಡು ಎಲ್ಲರ ಹೆಸರಿನ ಮುಂದೂ ಹಾಜರ್ ಎಂದು ಬರೆದ. ಇನ್ನೂ ನೂರು ವರ್ಷ ನೀರು ಅವರದೇ.

“ನಮ್ಮೋರ್ನ ಕೂಗೇ ಪಿಳ್ಳಿ! ಗಂಗುಲಪ್ಪನ್ನ ಕೂಗು!” ಎಂದು ಅತ್ತೆ ಕಿರುಚಿದಳು.

ಕೂಗಿದೆ. ನೀನೂ ಓ ಅಂದೆ ಅಜ್ಜ, ತೂಬಿನ ಬುಡದಿಂದ. ಅಧಿಕಾರಿ ಹಳೆಯ ಪುಟಗಳನ್ನು ತಿರುವಿದ. “ಇವ್ನು ಹಕ್ಕುದಾರ ಅಲ್ಲ. ಸಾಕ್ಷಿ,” ಎಂದ.

ಹೌದು. ಅಷ್ಟೂ ಹಕ್ಕಿಗೆ ನಿನ್ನದೇ ಹೆಬ್ಬೆಟ್ಟು. ಹಂಚುವವನು ಬೊಗಸೆ ನೀರನ್ನೂ ತನ್ನದೆನ್ನಬಾರದು ಎಂಬ ನೀರಗಂಟಿಯ ನೇಮ ನಿನಗೆ ದೊಡ್ಡದಾಯಿತು. ಆ ನೇಮವನ್ನು ಹಾಡಿ ಹೊಗಳಿದವರೆಲ್ಲ ಹೊಟ್ಟೆ ತುಂಬ ಕುಡಿದವರು. ನಿಯತ್ತು ನಿನ್ನದು, ನೀರು ಅವರದು!

ಈ ಕಾಗದ ಮುಟ್ಟುವ ಹೊತ್ತಿಗೆ ಆ ಹಕ್ಕುಗಳನ್ನು ಬರೆಯುವ 2031ರ ಗ್ರಾಮಸಭೆ ಇನ್ನೂ ನಡೆದಿರುವುದಿಲ್ಲ. ನೀನಲ್ಲದೆ ಇನ್ಯಾರಪ್ಪ ಸಾಕ್ಷಿ ಎಂದು ಬೆನ್ನು ತಟ್ಟಿ ಕಾಗದ ಚಾಚುತ್ತಾರೆ. ಹೆಬ್ಬೆಟ್ಟು ಒತ್ತಬೇಡ. ಹಕ್ಕುದಾರರ ಪಟ್ಟಿಯಲ್ಲಿ ಕಾಲೋನಿಯ ಅಷ್ಟೂ ಮನೆ ಸೇರುವವರೆಗೆ ತೂಬು ಎತ್ತಬೇಡ. ಬೈಯುತ್ತಾರೆ, ಹೊಡೆಯಲೂ ಬರುತ್ತಾರೆ. ಹೆಂಗಸರನ್ನು ಕರೆದುಕೊಂಡು ಏರಿಯ ಮೇಲೆ ಕೂತುಬಿಡು. ಪೈರು ಬಾಡುವುದನ್ನು ಕಂಡು ನಿನ್ನ ಕರುಳು ಚುರುಕ್ ಎನ್ನುತ್ತದೆ, ಬಲ್ಲೆ. ಎರಡು ದಿನ ಬಾಡಲಿ ಅಜ್ಜ. ನಾವು ಇನ್ನೂರು ವರ್ಷ ಬಾಡಿದ್ದೇವೆ.